ಗುರುವಾರದ ಕೆನೆ

ಗೋಡೆಯ ಮೇಲೆ ಏನೋ ಹರಿದುಹೋಯಿತು, ಕಪ್ಪಗೆ, ಕುಡುಗೋಲಿನ ಆಕಾರ, ಕಣ್ಣು ಹಿಡಿಯುವಷ್ಟರಲ್ಲಿ ಇಲ್ಲ — ಹಲ್ಲಿಯೇ, ಹಲ್ಲಿಗೆ ಇಷ್ಟು ಓಟ ಎಲ್ಲಿಂದ ಬರಬೇಕು — ಮತ್ತೊಂದು, ಈ ಸಲ ಎರಡು ಜೊತೆಯಾಗಿ, ಹಿಪ್ಪುನೇರಳೆ ಮರದ ನೆರಳನ್ನು ಸೀಳಿಕೊಂಡು, ಅಂಗಳದ ಇಟ್ಟಿಗೆಗೆ ನೀರು ಚಿಮುಕಿಸುತ್ತಿದ್ದ ಕೈ ಹಾಗೇ ನಿಂತಿತು, ಮುಕರ್ರಮ್ ತಲೆ ಎತ್ತಿದಳು, ಅವು ಅಲ್ಲಿದ್ದವು. ಬಾನಾಡಿಗಳು. ಬಂದುಬಿಟ್ಟಿದ್ದವು. ಏಪ್ರಿಲ್‌ನ ಆಕಾಶದಲ್ಲಿ ಮಸಿ ಎಳೆದ ಹಾಗೆ, ಬಾಗಿದ ರೆಕ್ಕೆ, ಒಂದರ ಬೆನ್ನಿಗೆ ಒಂದು, ಮಾಡಿಗೆ ತಗುಲಿಯೇ ಹೋದವು ಅನ್ನುವಷ್ಟು ಹತ್ತಿರ ಬಂದು ಸರ್ರನೆ ಹೊರಳಿ ಮಸೀದಿಯ ಗುಮ್ಮಟದ ಕಡೆಗೆ, ಅಲ್ಲಿಂದ ಮತ್ತೆ ಇಲ್ಲಿಗೆ, ಎದೆಯೊಳಗೆ ಏನೋ ಎದ್ದಿತು, ಹುಡುಗಿಯಾಗಿದ್ದಾಗಿನಿಂದ ಪ್ರತಿ ವರ್ಷ ಏಳುವಂಥದ್ದು, ಬಂದವು, ಬಂದವು, ಇನ್ನು ಬೇಸಿಗೆ, ಇನ್ನು ಅಂಗಳದಲ್ಲೇ ಹಾಸಿಗೆ, ಇನ್ನು ಬುಖಾರಾದ ಯಾವ ಓಣಿಗೆ ಹೋದರೂ ಮದುವೆ — ಎದ್ದದ್ದು ಅರ್ಧಕ್ಕೇ ನಿಂತಿತು. ಏನೋ ಕಡಿಮೆಯಿದೆ. ಏನು ಅದು. ಒಂದು ತಲೆಯ ಮೇಲೇ ಹಾದಾಗ ಕಂಡಿತು, ಬಾಯಿ ಅಗಲ ತೆರೆದಿದೆ, ಕಿರುಚುತ್ತಿರುವ ಹಕ್ಕಿಯ ಬಾಯಿ, ಆದರೆ ಕೂಗು ಇಲ್ಲ. ಒಂದಿಷ್ಟೂ ಇಲ್ಲ. ಕಿಟಕಿಯ ಗಾಜಿನ ಆಚೆ ಯಾರೋ ಜಗಳವಾಡುತ್ತಿದ್ದಾರೆ, ಕೈ ಆಡುತ್ತಿದೆ, ಬಾಯಿ ಆಡುತ್ತಿದೆ, ಅಷ್ಟೇ. ದಣಿದಿವೆ, ಅಂದುಕೊಂಡಳು, ಸುಮ್ಮನೆಯೇ, ಕಮೋಲ್‌ನ ಅಪ್ಪ, ತನ್ನ ಗಂಡ, ಹೇಳುವುದಿಲ್ಲವೇ, ಸಿಂಹಗಳಿರುವ ದೇಶದಿಂದ ಹೊರಡುತ್ತವಂತೆ, ದಾರಿಯಲ್ಲಿ ಒಂದು ಕೊಂಬೆಗೂ ಕೂರುವುದಿಲ್ಲ, ಹಾರುತ್ತಲೇ ತಿಂದು ಹಾರುತ್ತಲೇ ನಿದ್ದೆ ಮಾಡಿ, ಅಷ್ಟು ದೂರ ಬಂದ ಮೇಲೆ ಗಂಟಲಲ್ಲಿ ದನಿ ಎಲ್ಲಿ ಉಳಿದೀತು, ನಾಳೆ ಕೂಗುತ್ತವೆ. ಗಾಳಿ ಆ ಕಡೆಗೆ ಬೀಸುತ್ತಿರಬೇಕು. ನಿನ್ನೆ ತಲೆಗೆ ನೀರು ಹಾಕಿಕೊಂಡೆನಲ್ಲ, ಕಿವಿಗೆ ಹೋಗಿರಬೇಕು — ಕಿರುಬೆರಳು ಹಾಕಿ ಅಲುಗಾಡಿಸಿದಳು, ತಲೆ ಓರೆ ಮಾಡಿ ಅಂಗೈಯಿಂದ ಕುಟ್ಟಿದಳು. ಕಿವಿಗೇನಾಗಿದೆ, ಎಲ್ಲ ಕೇಳುತ್ತಿದೆ: ಹಿತ್ತಿಲಲ್ಲಿ ಗಂಡ ಒಲೆಯ ಒಳಗೋಡೆಗೆ ರೊಟ್ಟಿ ಬಡಿಯುವ ಧಪ್ಪು, ಅವನ ಕೆಮ್ಮು, ಓಣಿಯ ತುದಿಯಲ್ಲಿ ಹಾಲಿನವನ ಕಾರು ಗುರುಗುಟ್ಟುವುದು, ತನ್ನದೇ ಚಪ್ಪಲಿ ಒದ್ದೆ ಇಟ್ಟಿಗೆಯ ಮೇಲೆ ಎಳೆಯುವುದು, ಇಷ್ಟೆಲ್ಲ ಕೇಳುವ ಕಿವಿಗೆ ಇದೊಂದು ಕೇಳುವುದಿಲ್ಲವೆಂದರೆ ತಪ್ಪು ಹಕ್ಕಿಯದೇ ಇರಬೇಕು.

ಬಾನಾಡಿಯ ಕೂಗು ಮೊದಲು ಯಾರ ಕಿವಿಗೆ ಬೀಳುತ್ತದೋ ಅವರಿಗೆ ಮೊದಲ ರೊಟ್ಟಿ, ಒಲೆಯಿಂದ ತೆಗೆದ ಬಿಸಿಯಲ್ಲೇ, ಜೊತೆಗೆ ಒಂದು ಬಟ್ಟಲು ಗಟ್ಟಿ ಕೆನೆ, ಯಾರ ಜೊತೆಗೂ ಹಂಚಿಕೊಳ್ಳಬೇಕಾಗಿಲ್ಲ, ಉಳಿದವರು ಬಾಯಲ್ಲಿ ನೀರೂರಿಸಿಕೊಂಡು ನೋಡಬೇಕು — ಇದು ಅತ್ತೆ ಇಟ್ಟುಹೋದ ಪದ್ಧತಿ. ಕಣ್ಣಿಗೆ ಬೀಳುವುದಲ್ಲ, ಕಿವಿಗೆ, ಅದನ್ನೂ ಅತ್ತೆಯೇ ಹೇಳಿದ್ದು, ಕಣ್ಣು ಯಾರಿಗಾದರೂ ಇರುತ್ತೆ. ಈ ಮನೆಗೆ ಸೊಸೆಯಾಗಿ ಬಂದ ಮೊದಲ ವಸಂತದಲ್ಲೇ ಮುಕರ್ರಮ್ ಗೆದ್ದಿದ್ದಳು, ಕಸ ಗುಡಿಸುತ್ತಿದ್ದವಳು ಪೊರಕೆ ಬಿಟ್ಟು ನಿಂತು, ಬಂದ್ವು ಅಂದಾಗ ಅತ್ತೆ ನಕ್ಕಿದ್ದರು, ಎಲ್ಲಿದಾವೆ ಹುಡುಗಿ, ಆಕಾಶ ಖಾಲಿ ಇದೆಯಲ್ಲ, ಅವರ ಮಾತು ಮುಗಿಯುವ ಮೊದಲೇ ಕೋಟೆಯ ಕಡೆಯಿಂದ ಒಂದು ಚುಕ್ಕಿ ಬಂದಿತ್ತು. ಅಲ್ಲಿಂದ ಈಚೆಗೆ ಯಾರೂ ಅವಳನ್ನು ಸೋಲಿಸಿಲ್ಲ. ಸೋಲುವ ಕಿವಿಯೇ ಅಲ್ಲ ಅದು. ಮದುವೆ ಮನೆಯ ಬಾಗಿಲಿನಲ್ಲಿ ನಿಂತೇ, ಒಳಗೆ ನಾಲ್ಕು ದೋಯಿರಾ, ಒಳಸುತ್ತಿಗೆ ಸಣ್ಣ ಬಳೆ ಪೋಣಿಸಿದ ತಮಟೆ, ಒಟ್ಟಿಗೆ ಬಡಿಯುತ್ತಿದ್ದರೆ, ಎಡದಿಂದ ಎರಡನೆಯದರ ಚರ್ಮ ಸಡಿಲವಾಗಿದೆ, ಬಿಸಿಲಿಗೆ ಹಿಡಿದು ತನ್ನಿ ಅಂದವಳು ಅವಳು, ಅವಳ ಮದುವೆ ಹಾಡಿನ ಮೇಳದ ಹೆಂಗಸರು ಈಗಲೂ ಹೇಳಿಕೊಂಡು ನಗುತ್ತಾರೆ, ಮುಕರ್ರಮ್ ಅಪಾ ಇರೋ ಮನೇಲಿ ಇರುವೆನೂ ಕಾಲೆತ್ತಿಟ್ಟು ನಡೀಬೇಕು. ಹಯೋತ್ ಹಿತ್ತಿಲಿನಿಂದ ಬರುತ್ತಿದ್ದಾನೆ, ಮೊಣಕೈವರೆಗೂ ಹಿಟ್ಟು, ಬಟ್ಟೆಯಲ್ಲಿ ಸುತ್ತಿದ ರೊಟ್ಟಿ, ನಲವತ್ತು ವರ್ಷ ಊರಿಗೆ ರೊಟ್ಟಿ ಸುಟ್ಟು ಈಗ ಮನೆಗಷ್ಟೇ ಸುಡುವ ಗಂಡ, ಮಾತು ಕಡಿಮೆ, ಇದ್ದಷ್ಟು ಮಾತೂ ಹಕ್ಕಿಯದೇ. ಅವನ ಹಿಂದೆ ಸೊಸೆ ಅದೀಬಾ, ಎರಡು ಕೈಯಲ್ಲೂ ಒಲೆಯ ಶಾಖಕ್ಕೆ ಹಿಡಿದು ಬಿಗಿ ಮಾಡಿದ ದೋಯಿರಾಗಳು, ಇವತ್ತು ಮಧ್ಯಾಹ್ನ ಹಳೆ ಕಾಲುವೆಯ ಕೇರಿಯಲ್ಲಿ ಮದುಮಗಳ ಮುಖ ನೋಡುವ ಶಾಸ್ತ್ರ, ಮೇಳ ಹೋಗಬೇಕು. ಹೇಳಿಬಿಡಬೇಕು, ಈಗಲೇ, ಅವನ ಬಾಯಿ ತೆರೆಯುವ ಮೊದಲು. ಬಂದ್ವು, ಅಂದಳು, ಕೇಳಿಸ್ತಾ, ನಾನೇ ಮೊದಲು, ನೀವಿಬ್ರೂ ಒಲೆ ಹತ್ರ ನಿದ್ದೆ ಮಾಡ್ತಿದ್ರಿ. ಹಯೋತ್ ನಿಂತ. ಆಕಾಶ ನೋಡಲಿಲ್ಲ, ಅದೇ ಮೊದಲು ಗಮನಕ್ಕೆ ಬಂದದ್ದು, ಈ ಮನುಷ್ಯ ಆಕಾಶ ನೋಡದೆ ಹೆಂಡತಿಯನ್ನು ನೋಡಿದ. ಹೌದಾ, ಅಂದ. ಸರಿ ಮತ್ತೆ. ರೊಟ್ಟಿ ನಿಂದೇ. ಅದೀಬಾ ದೋಯಿರಾಗಳನ್ನು ಮಂಚದ ಮೇಲಿಟ್ಟು ಒಳಗೆ ಹೋದವಳು ಕೆನೆಯ ಬಟ್ಟಲು ಹಿಡಿದೇ ಬಂದಳು, ಅಷ್ಟು ಬೇಗ ಎಲ್ಲಿಂದ ಬಂತು, ಹಾಲಿನವನು ಇನ್ನೂ ಬಾಗಿಲಿಗೇ ಬಂದಿಲ್ಲ. ಮುರಿದಳು, ಅದ್ದಿದಳು, ಬಾಯಿಗಿಟ್ಟಳು. ಹುಳಿ. ನಾಲಗೆಯ ಅಂಚಿಗೆ ಚುರುಕ್ಕೆಂದಿತು. ಇದು ಯಾವತ್ತಿನ ಕೆನೆ ಕಮೋಲ್‌ನ ಅಪ್ಪ. ಅವನು ತೋಳಿನ ಹಿಟ್ಟು ಒರೆಸಿಕೊಳ್ಳುತ್ತ, ಸುಳ್ಳು ಹೇಳಲು ಬಾರದ ಮುಖ ಎಲ್ಲಿಡುವುದೆಂದು ತಿಳಿಯದೆ, ಗುರುವಾರದ್ದು, ಅಂದ. ಇವತ್ತು ಭಾನುವಾರ. ಗುರುವಾರ ಯಾಕೆ ತಂದ್ರಿ. ಗುರುವಾರ ಮನೇಲಿ ಏನಿತ್ತು ಅಂತ ಕೆನೆ ತಂದ್ರಿ, ಬಾಯಿ ಬಿಡಿ. ಅವನು ಅದೀಬಾಳನ್ನು ನೋಡಿದ, ಅದೀಬಾ ನೆಲ ನೋಡಿದಳು. ಗುರುವಾರ ಬಂದ್ವು, ಅಂದ. ನಸುಕಿಗೇ ಬಂದ್ವು. ನೀನು ಹೇಳ್ತೀಯ ಅಂತ ಕಾಯ್ತಾ ಇದ್ವಿ.

ಕಾಯುತ್ತಿದ್ದರು. ಗುರುವಾರ ಕಾದರು, ಶುಕ್ರವಾರ ಕಾದರು, ತಲೆಯ ಮೇಲೆ ಹಕ್ಕಿ ಕಿರುಚಿ ಕಿರುಚಿ ಹೋಗುತ್ತಿರುವಾಗ ನಾನು ಅದರ ಕೆಳಗೇ ಕೂತು ಕ್ಯಾರೆಟ್ ಹೆಚ್ಚುತ್ತಿದ್ದೆ, ಬಟ್ಟೆ ಒಣಹಾಕುತ್ತಿದ್ದೆ, ನಿನ್ನೆ ಅಂತೂ ಇದೇ ಮಂಚದ ಮೇಲೆ ಕೂತು, ಈ ವರ್ಷ ಯಾಕೋ ತಡ ಆಯ್ತು ಅಲ್ವಾ, ಅಂದಿದ್ದೆ, ಅಲ್ಲವೇ, ಅಂದಿದ್ದೆ, ಇಬ್ಬರೂ ಹೂಂ ಅಂದಿದ್ದರು, ಇಬ್ಬರೂ, ಒಬ್ಬರ ಮುಖ ಒಬ್ಬರು ನೋಡಿಕೊಂಡಿರಬೇಕು ನನ್ನ ಬೆನ್ನ ಹಿಂದೆ — ಓಣಿಯ ಧೂಳಿನಲ್ಲಿ ಮುಕರ್ರಮ್ ಬೀಸು ಹೆಜ್ಜೆ ಹಾಕುತ್ತಿದ್ದಾಳೆ, ತಲೆಗೆ ರೇಷ್ಮೆ ರುಮಾಲು, ಕಂಕುಳಲ್ಲಿ ಗವುಸಣಿಗೆ ಹಾಕಿದ ದೋಯಿರಾ, ಹಿಂದೆ ಅದೀಬಾಳ ಹೆಜ್ಜೆ ಕೇಳುತ್ತದೆ, ಅದು ಕೇಳುತ್ತದೆ. ಕಸೂತಿ ಬಟ್ಟೆ ಮಾರುವ ಅಂಗಡಿಯವನು ಎದೆಗೆ ಕೈಯಿಟ್ಟು ಏನೋ ಅಂದ, ಎಲ್ಲಿಗೆ ಅಪಾ ಇಷ್ಟು ಹೊತ್ತಿಗೇ ಅಂದಿರಬೇಕು, ತುಟಿ ಹಾಗೆ ಆಡಿತು — ತುಟಿ. ನಾನು ತುಟಿ ನೋಡಿದೆ. ಯಾವಾಗಿನಿಂದ ಜನರ ತುಟಿ ನೋಡುತ್ತಿದ್ದೇನೆ. ಚಳಿಗಾಲದಲ್ಲಿ ನೀರು ಕಾಯಿಸುವ ಕೆಟ್ಲು ಸುಟ್ಟು ಕರಿಯಾಯಿತು, ಸೀಟಿ ಹಾಳಾಗಿದೆ ಈ ದರಿದ್ರದ್ದಕ್ಕೆ, ಹೊಸದು ತಗೊಂಡು ಬಾ ಅಂದೆ ಕಮೋಲ್‌ಗೆ, ಬಸ್ಸು ಓಡಿಸಿ ಸುಸ್ತಾಗಿ ಬಂದ ಮಗ ಮರುದಿನವೇ ಹೊಸದು ತಂದ, ಅದರ ಸೀಟಿಯೂ ಹಾಳಾಗಿತ್ತು. ಎರಡು ಕೆಟ್ಲು. ಕುಣಿಯುವಾಗ ಮಣಿಕಟ್ಟಿಗೆ ಕಟ್ಟುವ ಗೆಜ್ಜೆ, ಅದರ ನಾಲಗೆ ಸವೆದಿದೆ ಅಂತ ಬಿಚ್ಚಿಟ್ಟೆ. ಮತ್ತೆ ಬಳೆ, ದೇವರೇ, ದೋಯಿರಾದ ಬಳೆ, ಅದನ್ನು ನೆನೆಯುವುದು ಬೇಡ, ಆದರೆ ನೆನಪು ಓಣಿಯ ತಿರುವಿನಲ್ಲಿ ಕಾದೇ ನಿಂತಿದೆ: ಹಿಮ ಬಿದ್ದ ದಿನ, ವಕೀಲರ ಮನೆಯ ಮದುವೆ, ಮನೆ ತುಂಬ ಹೆಂಗಸರು, ನಾನು ಬಾರಿಸುವುದನ್ನು ನಿಲ್ಲಿಸಿ ಎಲ್ಲರೆದುರು ಸೊಸೆಯ ಕಡೆ ತಿರುಗಿ, ನಿನ್ನ ದೋಯಿರಾದಲ್ಲಿ ಬಳೆ ಇಲ್ವೇನೇ, ಮೂಗಿ ಬಾರಿಸಿದ ಹಾಗಿದೆ, ಗಿಜ್ದುವಾನಿನ ಹೊಲದಿಂದ ಬಂದೋಳಿಗೆ ಎಷ್ಟು ಕಲಿಸಿದ್ರೂ ಅಷ್ಟೇ. ಹೆಂಗಸರು ನಕ್ಕರು. ಅದೀಬಾಳ ಕಿವಿಯವರೆಗೂ ಕೆಂಪೇರಿತ್ತು. ಆಯ್ತು ಓಯಾಜಾನ್ — ಅಮ್ಮಾ ಅಂತಲೇ ಅವಳು ಕರೆಯುವುದು — ಹಾಕಿಸ್ತೀನಿ. ಕಮ್ಮಾರರ ಓಣಿಗೆ ಹೋಗಿ ಹಾಕಿಸಿಕೊಂಡು ಬಂದಳು, ಮೊದಲಿಗಿಂತ ಹೆಚ್ಚು ಬಳೆ, ಒತ್ತೊತ್ತಾಗಿ, ಮುಂದಿನ ಮದುವೆಯಲ್ಲಿ ಮತ್ತೆ ಬೈದೆ. ಮತ್ತೆ ಆಯ್ತು ಓಯಾಜಾನ್. ಮುಕರ್ರಮ್ ಗಕ್ಕನೆ ನಿಂತು ತಿರುಗಿದಳು, ಕೊಡು ಇಲ್ಲಿ, ನಿನ್ನದು ಕೊಡು, ಸೊಸೆಯ ಕೈಯಿಂದ ದೋಯಿರಾ ಕಿತ್ತುಕೊಂಡು ಗವುಸಣಿಗೆ ಎಳೆದು ಕಿವಿಯ ಪಕ್ಕಕ್ಕೇ ಹಿಡಿದು ಕುಲುಕಿದಳು. ಚೌಕಟ್ಟಿನ ಒಳಸುತ್ತಿನಲ್ಲಿ ನೂರಾರು ಸಣ್ಣ ಬಳೆಗಳು ಒಂದರ ಮೇಲೊಂದು ಬಿದ್ದು ಕುಣಿದವು, ಬಿಸಿಲಿಗೆ ಮಿಂಚಿದವು, ಎದುರಿನ ಮನೆಯ ಮುದುಕ ಕಿವಿ ಮುಚ್ಚಿಕೊಂಡು ಏನಮ್ಮಾ ಇದು ಅನ್ನುವಂತೆ ನೋಡಿದ. ಅವಳಿಗೆ ಮರ ಕಟಕಟ ಅನ್ನುವುದು ಮಾತ್ರ ಕೇಳಿತು. ಇನ್ನೊಂದು ಕಿವಿಗೆ ಹಿಡಿದು ಕುಲುಕಿದಳು. ಕಟಕಟ.

ಯಾರ್‍ಯಾರಿಗೆ ಗೊತ್ತು, ಅಂದಳು. ಅದೀಬಾ ದೋಯಿರಾಕ್ಕೆ ಗವುಸಣಿಗೆ ಹಾಕುತ್ತ, ಬನ್ನಿ ಓಯಾಜಾನ್, ಹೊತ್ತಾಗತ್ತೆ. ಯಾರ್‍ಯಾರಿಗೆ ಗೊತ್ತು ಅಂತ ಕೇಳ್ದೆ. ಮಾವನಿಗೆ ಗೊತ್ತು. ನನಗೆ ಗೊತ್ತು. ಹೋಸಿಯತ್ ಅಪಾಗೆ ಅನುಮಾನ ಬಂದಿದೆ — ಹೋಸಿಯತ್ ಮೇಳದ ಹಿರಿಯಳು, ತನ್ನ ಜೊತೆ ಕಲಿತವಳು, ಅವಳಿಗೆ ಅನುಮಾನ ಬಂದರೆ ಬಜಾರಿಗೆಲ್ಲ ಬಂದ ಹಾಗೆ. ಯಾವಾಗಿನಿಂದ. ವಕೀಲರ ಮನೆ ಮದುವೆಯಿಂದ. ಹೇಳೋದಕ್ಕೆ ನಿನಗೆ ಬಾಯಿರ್ಲಿಲ್ವಾ. ಆಗ ಅದೀಬಾ ತಲೆ ಎತ್ತಿದಳು, ಏಳು ವರ್ಷಕ್ಕೆ ಒಂದು ಸಲ ಎತ್ತುವ ತಲೆ, ನನ್ನ ಬಾಯಿಗೆ ನೀವು ಯಾವತ್ತು ಜಾಗ ಕೊಟ್ರಿ ಓಯಾಜಾನ್, ಅಂದಳು, ಮೆಲ್ಲಗೆ, ಆದರೆ ಪ್ರತಿ ಅಕ್ಷರವೂ ತುಟಿಯ ಮೇಲೆ ಕಾಣುವ ಹಾಗೆ, ಬೇಕೆಂದೇ ಹಾಗೆ, ಹೇಳಿದ್ರೆ ನಂಬ್ತಿದ್ರಾ, ಸೊಸೆಗೆ ನನ್ನ ಜಾಗದ ಮೇಲೆ ಕಣ್ಣು ಅಂತಿದ್ರಿ. ಅನ್ನುತ್ತಿದ್ದೆ. ಹಾಗೇ ಅನ್ನುತ್ತಿದ್ದೆ, ಹೋದ ವಾರ ಅಂದೂ ಆಗಿದೆ, ಹೋಸಿಯತ್ ಮುಂದೆ, ಇವಳು ಎಡಗಡೆ ನಿಲ್ಲುತ್ತಿದ್ದವಳು ಈಗ ನನ್ನೆದುರೇ ಬಂದು ನಿಲ್ತಾಳೆ, ಜನ ನೋಡಲಿ ಅಂತ. ಜನ ನೋಡಲಿ ಅಂತಲ್ಲ. ನಾನು ನೋಡಲಿ ಅಂತ. ತಾಳ ತಿರುಗುವ ಕಡೆ ಇವಳ ಭುಜ ಮೇಲೇರುತ್ತದೆ, ಮೇಲಿನ ಸ್ವರ ಬರುವ ಮೊದಲು ಇವಳು ಬಾಯಿ ತೆರೆದು ಉಸಿರೆಳೆದುಕೊಳ್ಳುವುದು ಕಾಣುತ್ತದೆ, ಆಗ ನಾನೂ ಎಳೆದುಕೊಳ್ಳುತ್ತೇನೆ, ಚಳಿಗಾಲವೆಲ್ಲ ಕುರುಡಿಯನ್ನು ಕೈಹಿಡಿದು ದಾಟಿಸಿದ ಹಾಗೆ ದಾಟಿಸಿದ್ದಾಳೆ, ಅದನ್ನು ನಾನು ಪೈಪೋಟಿ ಅಂದುಕೊಂಡೆ — ಸಿಟ್ಟು ಎಲ್ಲಿ ಹೋಯಿತು, ಇಲ್ಲೇ ಇತ್ತು, ಈಗ ಅದರ ಜಾಗದಲ್ಲಿ ಇನ್ನೇನೋ ಇದೆ, ಇದಕ್ಕಿಂತ ಸಿಟ್ಟೇ ವಾಸಿ. ಹಿಂತಿರುಗಿ ಹೋಗಿಬಿಡಲೇ. ಹೊಟ್ಟೆ ನೋವು ಅಂದರಾಯಿತು. ಆದರೆ ಕಾಲು ನಡೆಯುತ್ತಲೇ ಇದೆ, ಹಳೆ ಕಾಲುವೆಯ ಕೇರಿ, ಕೆತ್ತನೆಯ ಬಾಗಿಲು, ಬಾಗಿಲಲ್ಲೇ ಹೆಂಗಸರು, ಬಂದರು ಬಂದರು, ಮುಕರ್ರಮ್ ಅಪಾ ಬಂದರು, ಯಾರೋ ಹಿಡಿ ಸಕ್ಕರೆಮಿಠಾಯಿ ತಲೆಯ ಮೇಲೆ ಎರಚಿದರು, ಒಂದು ರುಮಾಲಿನ ಮಡಿಕೆಯಲ್ಲಿ ಸಿಕ್ಕಿಕೊಂಡಿತು.

ಅಂಗಳದಲ್ಲಿ ಇಕ್ಕಟ್ಟು, ಬೆವರು, ಗುಲಾಬಿ ನೀರು, ಎಣ್ಣೆಯಲ್ಲಿ ಕರಿದ ಹಿಟ್ಟಿನ ವಾಸನೆ, ಪರದೆಯ ಹಿಂದೆ ಮದುಮಗಳು, ಜರಿಯ ನಿಲುವಂಗಿಯ ಭಾರಕ್ಕೆ ಬಗ್ಗಿ ಕೂತಿರುವ ಹುಡುಗಿ, ಎದುರು ಹಾಸಿಗೆಯ ಮೇಲೆ ಗಂಡಿನ ಅಜ್ಜಿ ಸವ್ರಿ ಬೀಬಿ, ಹಲ್ಲಿಲ್ಲದ ಬಾಯಿ, ಈ ಊರಿನ ಹಳೆಯ ಹಾಡುಗಳೆಲ್ಲ ಗೊತ್ತಿರುವ ಮುದುಕಿ, ಎದುರಿಗೆ ಕೂತರೆ ಮೇಳದವರಿಗೆ ನಡುಕ. ಅಪಾ ಮೈಕು ಬೇಕಾ. ಬೇಡ. ಮುಕರ್ರಮ್ ದೋಯಿರಾ ಎತ್ತಿ ಹಿಡಿದಳು, ಚರ್ಮಕ್ಕೆ ಬೆರಳು ತಾಗುತ್ತಲೇ ಕೈಗೆ ತನ್ನ ಮನೆ ಸಿಕ್ಕಿತು, ದುಂ, ಅದು ಕೇಳುತ್ತದೆ, ಹೊಟ್ಟೆಯೊಳಗೇ ಕೇಳುತ್ತದೆ, ಬಂದವರಿಗೆಲ್ಲ ಸಲಾಮು ಹೇಳುವ ಹಾಡು ಕೆಳಗಿನ ದನಿಯದು, ಹೋಯಿತು, ಸಲೀಸಾಗಿ ಹೋಯಿತು, ನೋಡು ಏನೂ ಆಗಿಲ್ಲ ನನಗೆ, ಗುರುವಾರ ಅಂತೆ, ಕೆನೆ ಅಂತೆ, ಮುಂದಿನದು ಮದುಮಗಳನ್ನು ಪರದೆಯಿಂದ ಕರೆಯುವ ಹಾಡು, ಅದು ಹತ್ತುತ್ತದೆ, ಮೆಟ್ಟಿಲು ಮೆಟ್ಟಿಲಾಗಿ, ಅದೀಬಾ ಎದುರಿಗೆ ಬಂದು ನಿಂತಳು, ಎಂದಿನ ಹಾಗೆ, ಮುಕರ್ರಮ್ ಅವಳನ್ನು ನೋಡಲಿಲ್ಲ. ನೋಡುವುದಿಲ್ಲ. ಕಣ್ಣು ಮುಚ್ಚಿ ಹತ್ತಿದಳು, ನಲವತ್ತು ವರ್ಷ ಹತ್ತಿದ ಮೆಟ್ಟಿಲು, ಕತ್ತಲಲ್ಲೂ ಹತ್ತಬಲ್ಲೆ, ಒಂದು, ಇನ್ನೊಂದು, ಇಲ್ಲಿ ತಿರುವು, ಇಲ್ಲಿಂದ ಮೇಲಕ್ಕೆ — ಕೊರಳಿನ ನರ ಎದ್ದಿತು, ದನಿ ಹೊರಗೆ ಹೋಗುತ್ತಿದೆ, ಎಲ್ಲಿಗೆ ಹೋಗುತ್ತಿದೆಯೋ ತಿಳಿಯದು, ಮೆಟ್ಟಿಲಿದೆ ಅಂದುಕೊಂಡು ಕಾಲಿಟ್ಟಲ್ಲಿ ಮೆಟ್ಟಿಲಿಲ್ಲ. ಕಣ್ಣು ತೆರೆದಳು. ಸವ್ರಿ ಬೀಬಿಯ ಮುಖ ಹುಳಿ ತಿಂದ ಹಾಗೆ ಕಿವುಚಿತ್ತು. ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗಿ ತೋಳಿನಿಂದ ಬಾಯಿ ಮುಚ್ಚಿಕೊಂಡಿದ್ದಾಳೆ, ಅವಳ ಪಕ್ಕದವಳು ಫೋನು ಎತ್ತಿ ಹಿಡಿದಿದ್ದಾಳೆ, ಹೋಸಿಯತ್‌ಳ ಕೈ ನಿಧಾನವಾಗುತ್ತಿದೆ, ಗೋರಿಯ ಪಕ್ಕ ನಡೆಯುವವರ ಹಾಗೆ. ಅದೀಬಾ ಮಾತ್ರ ಬಾರಿಸುತ್ತಲೇ ಇದ್ದಳು, ಜೋರಾಗಿ, ಇನ್ನೂ ಜೋರಾಗಿ, ಬಳೆಗಳು ಚೌಕಟ್ಟಿನಲ್ಲಿ ಹುಚ್ಚೆದ್ದು ಕುಣಿಯುತ್ತಿದ್ದವು, ಅತ್ತೆಯ ದನಿಯನ್ನು ಆ ಸದ್ದಿನಲ್ಲಿ ಮುಳುಗಿಸಿಬಿಡಲು ನೋಡುತ್ತಿದ್ದಾಳೆ, ಮುಚ್ಚಲು ನೋಡುತ್ತಿದ್ದಾಳೆ, ಬೀದಿಯಲ್ಲಿ ಬಿದ್ದವಳ ಮೇಲೆ ತನ್ನ ರುಮಾಲು ಹೊದಿಸುವ ಹಾಗೆ.

ಮುಕರ್ರಮ್ ಹಾಡು ನಿಲ್ಲಿಸಿದಳು. ಕೈ ಎತ್ತಿದಳು, ಎಲ್ಲ ನಿಂತಿತು. ಈ ನಿಶ್ಶಬ್ದ ಮಾತ್ರ ಪೂರ್ತಿ ಕೇಳುತ್ತದೆ, ಇದರಲ್ಲಿ ಏನೂ ಕಡಿಮೆಯಿಲ್ಲ. ಏನು ಹೇಳಲಿ, ನೆಗಡಿ ಅನ್ನಲೇ, ಧೂಳು ಅನ್ನಲೇ, ನೂರು ಸುಳ್ಳು ನಾಲಗೆಯ ತುದಿಗೆ ಬಂದು ಸಾಲಾಗಿ ನಿಂತವು, ಬೆಳಿಗ್ಗೆ ಒಂದು ಹೇಳಿದೆನಲ್ಲ, ಅದರ ಹುಳಿ ಇನ್ನೂ ಬಾಯಲ್ಲಿದೆ, ಮತ್ತು ಅವಳೇ ತಿಳಿಯುವ ಮೊದಲು ಬಾಯಿ ತಾನಾಗಿ ಹೊರಟಿತ್ತು, ಮದುವೆ ಮನೆಯ ಬಾಯಿ, ನಲವತ್ತು ವರ್ಷ ಹೆಂಗಸರನ್ನು ನಗಿಸಿದ ಬಾಯಿ: ಅಕ್ಕ ತಂಗೀರಾ, ನಿಮ್ಮ ಗಂಡಂದಿರ ದೂರು, ಅತ್ತೇರ ದೂರು, ಎಲ್ಲ ಇದೊಂದು ಕಿವಿಗೇ ಸುರಿದ್ರಿ, ಸುರಿದ್ರಿ, ಈಗ ತುಂಬಿಹೋಗಿದೆ. ದಪ್ಪ ಮಾತಾದ್ರೆ ಹೇಗೋ ನುಗ್ಗುತ್ತೆ, ಸಣ್ಣ ದನಿಗೆ ಒಳಗೆ ಜಾಗ ಇಲ್ಲ. ನಮ್ಮನೆ ಮಾಡಿಗೆ ಬಾನಾಡಿ ಬಂದು ನಾಲ್ಕು ದಿನ ಆಯ್ತಂತೆ, ನನಗೆ ಇವತ್ತು ಗೊತ್ತಾಯ್ತು, ಅದೂ ಕಣ್ಣಿಂದ. ಯಾರೋ ನಕ್ಕರು, ಯಾರೋ ನಗಬಾರದೇನೋ ಎಂದು ನಿಲ್ಲಿಸಿದರು. ಸವ್ರಿ ಬೀಬಿ ಕೋಲು ಕುಟ್ಟಿದಳು, ಏನಂತೆ ಇವಳಿಗೆ, ಅಂತ ಪಕ್ಕದವಳನ್ನು ಕೇಳಿದಳು, ಪಕ್ಕದವಳು ಮುದುಕಿಯ ಕಿವಿಗೆ ಬಾಯಿಟ್ಟು ಕೂಗಿ ಹೇಳಿದಳು, ಕಿವಿ ಕೇಳಲ್ವಂತೆ ಬೀಬಿ. ಅಷ್ಟೇನಾ, ಅಂದಳು ಮುದುಕಿ, ನಾನು ಎಂಟು ವರ್ಷದಿಂದ ಇವಳ ಕುಣಿತ ನೋಡ್ಕೊಂಡೇ ಹಾಡು ಚೆನ್ನಾಗಿದೆ ಅಂತಿದೀನಿ, ಮುಂದುವರಿಸೇ ಅಂತ ಹೇಳು, ಸೊಂಟಕ್ಕೇನಾಗಿಲ್ಲವಲ್ಲ. ಈಗ ಅಂಗಳವೇ ಅದುರಿ ನಕ್ಕಿತು — ಹಾಗಾದರೆ ಆಗ ಮುಖ ಕಿವುಚಿದ್ದು, ಹಲ್ಲಿಲ್ಲದ ಬಾಯಿಗೆ ಮಿಠಾಯಿ ಸಿಕ್ಕಿಕೊಂಡಿದ್ದಿರಬೇಕು, ನನ್ನ ದನಿಗಲ್ಲ, ದೇವರೇ, ಯಾವ ಮುಖ ನೋಡಿ ನಾನು ಏನನ್ನು ಓದಿಕೊಂಡೆ — ನಗುವಿನ ನಡುವೆ ಅವಳು ಅದೀಬಾಳ ಕಡೆ ತಿರುಗಿದಳು. ಆ ಹುಡುಗಿ ನಗುತ್ತಿರಲಿಲ್ಲ. ಮೇಲಿನದು ನೀನು ಹಾಡು, ಅಂದಳು, ಎಲ್ಲರಿಗೂ ಕೇಳುವ ಹಾಗೆ, ಕೆಳಗಿನದು ನಾನು ಹಿಡೀತೀನಿ. ಓಯಾಜಾನ್. ಹಾಡೇ. ನನ್ನ ಸೊಸೆ, ಅಂದಳು ಹೆಂಗಸರಿಗೆ, ಗಿಜ್ದುವಾನಿನವಳು, ನಾನೇ ಆರಿಸಿ ತಂದದ್ದು. ಅದೀಬಾ ಉಸಿರೆಳೆದುಕೊಂಡಳು, ಹೊರಟಿತು, ಮೊದಲೆರಡು ಮೆಟ್ಟಿಲು ಮುಕರ್ರಮ್‌ಗೆ ಕೇಳಿತು, ದುಂಡನೆಯ ದನಿ, ಅದರ ಅಡಿಗೆ ತನ್ನ ದನಿ ಇಟ್ಟಳು, ಭುಜ ಕೊಟ್ಟ ಹಾಗೆ, ಆಮೇಲಿನ ಮೆಟ್ಟಿಲೆಲ್ಲ ಧೂಳು ಎದ್ದ ದಿನ ಊರ ದೊಡ್ಡ ಮಿನಾರು ಕಾಣುವ ಹಾಗೆ, ಬುಡ ಇದೆ, ನಡು ಇದೆ, ಮೇಲಿನದನ್ನು ಧೂಳು ನುಂಗಿದೆ, ತುದಿ ಇದೆ ಅಂತ ಗೊತ್ತು, ಕಾಣುವುದಿಲ್ಲ. ಹುಡುಗಿಯ ಬಾಯಿ ತೆರೆದೇ ಇತ್ತು. ಕೊರಳಿನ ನರ ಎದ್ದು ನಿಂತಿತ್ತು. ಹೇಗಿದೆಯೋ, ಮುಟ್ಟಿದಳೋ, ತಪ್ಪಿದಳೋ, ಇನ್ನು ನನಗೆ ಯಾವತ್ತೂ ಗೊತ್ತಾಗುವುದಿಲ್ಲ, ನಾನು ಕಲಿಸಿದ್ದು ಕಡೆಗೆ ಹೇಗೆ ಬಂತೆಂದು ನನಗೇ ಗೊತ್ತಾಗುವುದಿಲ್ಲ — ಆಗ ಫೋನು ಹಿಡಿದಿದ್ದವಳ ಕೈ ಮೆಲ್ಲಗೆ ಕೆಳಗಿಳಿಯಿತು. ಹೋಸಿಯತ್, ಯಾರನ್ನೂ ಹೊಗಳದ ಹೋಸಿಯತ್, ಕಣ್ಣು ಮುಚ್ಚಿಕೊಂಡಳು. ಪರದೆ ಸರಿಯಿತು, ಮದುಮಗಳು ಬಂದಳು, ಅಳುತ್ತಿದ್ದಳು, ಅವಳ ತಾಯಿ ಅಳುತ್ತಿದ್ದಳು. ಮುಟ್ಟಿದಳು. ಮುಟ್ಟಿರಬೇಕು.

ಹಿಂದಿರುಗುವಾಗ ಬಿಸಿಲು ಗೋಡೆಗಳ ಮೇಲ್ತುದಿಗೆ ಏರಿತ್ತು, ನಡೆಯುತ್ತಲೇ ಮುಕರ್ರಮ್, ಆ ತಿರುವಿನ ಮೇಲೆ ಉಸಿರು ಬೇಗ ಬಿಡಬೇಡ ಅಂತ ನೂರು ಸಲ ಹೇಳಿದೀನಿ, ಬಿಟ್ಯಾ, ಅಂದಳು, ಅದೀಬಾ, ಬಿಡ್ಲಿಲ್ಲ ಓಯಾಜಾನ್, ಅಂದಳು, ಸುಳ್ಳಾ, ಅಂದಳು ಅತ್ತೆ, ಸ್ವಲ್ಪ ಬಿಟ್ಟೆ, ಅಂದಳು ಸೊಸೆ. ಸರಿ. ಮನೆಯ ಬಾಗಿಲು ತೆಗೆದೇ ಇತ್ತು, ಹಯೋತ್ ಅಂಗಳದ ಮಂಚದ ಮೇಲೆ ಕತ್ತು ಹಿಂದಕ್ಕೆ ಚೆಲ್ಲಿ ಕೂತಿದ್ದ, ಅವರನ್ನು ಕಂಡು ಕಳ್ಳನ ಹಾಗೆ ಕತ್ತು ಇಳಿಸಿದ. ನೋಡಿ, ನೋಡಿ, ಅಂದಳು, ನನ್ನ ಕಂಡು ಯಾಕೆ ತಲೆ ಬಗ್ಗಿಸ್ತೀರಿ, ಹಕ್ಕಿ ನನ್ನ ಸವತಿ ಏನಲ್ಲ. ಚಹಾ ಬಗ್ಗಿಸಿಕೊಟ್ಟ, ಬಟ್ಟಲ ತಳಕ್ಕೆ ಸ್ವಲ್ಪವೇ, ಮತ್ತೆ ಮತ್ತೆ ಕೊಡಬಹುದು ಅಂತ. ಇಷ್ಟು ದಿನ ಸುಮ್ನಿದ್ರಲ್ಲ, ಅಂದಳು, ಹೇಗಿದ್ರಿ. ಹೇಳಿದ್ರೆ ಮೊದಲ ರೊಟ್ಟಿ ನಂದಾಗ್ತಿತ್ತು, ನಾನು ಹೇಗೆ ತಿನ್ಲಿ, ಅಂದ, ಅಭ್ಯಾಸ ಇಲ್ಲ. ಆಮೇಲೆ, ಸಮರ್ಕಂದದಲ್ಲಿ ಡಾಕ್ಟರಿದ್ದಾರಂತೆ, ಕಿವಿಗೆ ಯಂತ್ರ ಇಡ್ತಾರಂತೆ, ಕಮೋಲ್ ವಿಚಾರಿಸಿದಾನೆ, ಅಂದ, ಹೋಗೋಣ್ವಾ. ಹಾಗಾದರೆ ಕಮೋಲ್‌ಗೂ ಗೊತ್ತು. ಎಲ್ಲರಿಗೂ ಗೊತ್ತು, ನನ್ನೊಬ್ಬಳನ್ನು ಬಿಟ್ಟು. ನೋಡೋಣ, ಅಂದಳು, ಹೋದರೂ ಹೋಗಬಹುದು, ಯಂತ್ರ ಇಟ್ಟುಕೊಂಡರೆ ಬಳೆ ಕೇಳೀತೇ, ಕೇಳಿದರೂ ಬಳೆಯ ಹಾಗೆಯೇ ಕೇಳೀತೇ, ತಲೆಯ ಮೇಲೆ ಅವು ಈಗ ಗುಂಪು ಕಟ್ಟಿದ್ದವು, ಸಂಜೆ ಹಾಗೆ ಕಟ್ಟುತ್ತವೆ, ಗೂಡಿಗೆ ಹೋಗುವ ಮೊದಲು ಊರಿಗೆಲ್ಲ ಡಂಗುರ ಸಾರುತ್ತವೆ, ಓಣಿಯ ಒಂದು ತುದಿಯಿಂದ ಬಂದು ಮಾಡಿನ ಮಟ್ಟಕ್ಕೆ ಇಳಿದು ಬಿರುಗಾಳಿಯ ಹಾಗೆ ಹಾದು, ಹಯೋತ್‌ನ ಮುಖ ಪ್ರತಿ ಸಲ ತಾನಾಗಿ ಅರಳುತ್ತಿದೆ, ತಡೆದುಕೊಳ್ಳಲು ನೋಡುತ್ತಾನೆ, ಆಗುವುದಿಲ್ಲ, ಪಾಪ. ಒಂದು ಗುಂಪಿನಿಂದ ಕಳಚಿ ನೇರ ಗೋಡೆಗೇ ನುಗ್ಗಿತು, ಬಡಿದುಕೊಂಡಿತು ಅನ್ನುವಾಗ ತೊಲೆಯ ಕೆಳಗಿನ ಬಿರುಕಿನಲ್ಲಿ ಮಾಯ, ವೇಗ ತಗ್ಗಿಸಲೇ ಇಲ್ಲ, ಒಂದು ವರ್ಷದ ಮೇಲೆ ಬಂದಿದೆ, ಬಿರುಕು ಎಲ್ಲಿದೆಯೆಂದು ಹುಡುಕಲೂ ಇಲ್ಲ. ಕೂಗ್ತಿದಾವಾ, ಅಂದಳು. ಹೂಂ. ಹೇಗೆ. ಹಯೋತ್ ಬಾಯಿ ತೆರೆದು ತನ್ನ ಒಡಕು ದಪ್ಪ ದನಿಯಲ್ಲಿ ಸ್ರೀ ಅಂದ, ಕತ್ತೆ ಕೆಮ್ಮಿದ ಹಾಗಿತ್ತು, ಮೂವರಿಗೂ ನಗು ಬಂತು, ಥೂ, ಅದನ್ನು ಕೇಳಿದ್ರೆ ಹೆಣ್ಣುಹಕ್ಕಿ ವಾಪಸ್ ಹೋಗುತ್ತೆ, ಅಂದಳು, ಕಣ್ಣು ಒದ್ದೆಯಾಗಿತ್ತು, ನಗುವಿಗೋ ಏನೋ. ಆಗ ಅದೀಬಾ ಪಕ್ಕಕ್ಕೆ ಬಂದು ಕೂತಳು, ಏನೂ ಕೇಳದೆ ಅತ್ತೆಯ ಕೈ ಎಳೆದು ತೊಡೆಯ ಮೇಲಿಟ್ಟುಕೊಂಡಳು, ಮಣಿಕಟ್ಟನ್ನು ಮೇಲ್ಮುಖ ಮಾಡಿ, ಒಂದು ಬೆರಳಿನಿಂದ, ತೀರ ಹಗುರವಾಗಿ, ಟಕ್ ಎಂದು ತಟ್ಟಿದಳು. ಏನೇ ಇದು. ಒಂದು ಕೂಗಿತು, ಅಂದಳು. ಟಕ್ ಟಕ್. ಎರಡು. ಓಣಿಯ ತುದಿಯಿಂದ ಗುಂಪು ಬರುತ್ತಿದೆ, ಬೆರಳುಗಳು ಒಂದೊಂದಾಗಿ ಸೇರಿಕೊಂಡವು, ನಾಲ್ಕೂ ಬೆರಳು, ಚರ್ಮದ ಮೇಲೆ ಬಾರಿಸುವ ಹಾಗೆಯೇ, ಟಕಟಕ ಟಕಟಕ, ಹತ್ತಿರ, ಇನ್ನೂ ಹತ್ತಿರ, ತಲೆಯ ಮೇಲೆ, ಮಣಿಕಟ್ಟಿನಿಂದ ಭುಜದವರೆಗೆ ಏರಿತು, ಎದೆಯಲ್ಲಿ ಬೆಳಿಗ್ಗೆ ಅರ್ಧಕ್ಕೆ ನಿಂತದ್ದು ಅಲುಗಿತು, ಹೋದವು, ದೂರವಾದವು, ಬೆರಳು ಮೂರಾಯಿತು, ಒಂದಾಯಿತು, ಟಕ್, ಗುಮ್ಮಟದ ಆಚೆ, ಟಕ್, ಆಮೇಲೆ ಇಲ್ಲ, ಮುಕರ್ರಮ್ ಆಕಾಶ ಬಿಟ್ಟು ಕೆಳಗೆ ನೋಡಿದಳು, ಅದೀಬಾ ಕತ್ತು ಓರೆ ಮಾಡಿ ಕಿವಿಗೊಟ್ಟು ಕೂತಿದ್ದಾಳೆ, ಒಂದು ಬೆರಳು ಮಣಿಕಟ್ಟಿನ ಮೇಲೆ, ತಾಗದೆ, ಕೂದಲೆಳೆಯಷ್ಟು ಎತ್ತರದಲ್ಲಿ, ಮುಂದಿನ ಕೂಗಿಗೆ ಎತ್ತಿದ ಬೆರಳು, ಬಾರಿಸಿ ಕೆಂಪಾದ ತುದಿ, ಇನ್ನೂ ಇಳಿದಿಲ್ಲ, ಬೆರಳು —